ಕೊಬ್ಬು ಅಳೆಯುವ ತೂಕದ ಯಂತ್ರ, ಜೊತೆಗೊಂದು ಬ್ಯಾಂಡ್: ಯಾವ ಅಂಕಿ ನಂಬಬಹುದು, ಯಾವುದು ಬೇಡ

ಗಾಜಿನ ಮೇಲ್ಮೈಯ ತೂಕದ ಯಂತ್ರ, ಕೈಗೆ ಕಟ್ಟಿಕೊಳ್ಳುವ ಬ್ಯಾಂಡ್, ಎರಡನ್ನೂ ಮೊಬೈಲಿಗೆ ಜೋಡಿಸುವ ಆ್ಯಪ್. ಎಲ್ಲ ಸೇರಿ ನಾಲ್ಕು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ತತ್ತ್ವದ ಮೇಲೆ ನಡೆಯುವುದರಿಂದ, ನಾನು ಹೇಳುವುದರಲ್ಲಿ ಬಹುಪಾಲು ನೀವು ಯಾವುದನ್ನು ಕೊಂಡರೂ ಅನ್ವಯಿಸುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತೂಕ, ಹೃದಯ ಬಡಿತ, ಹೆಜ್ಜೆ, ಈ ಮೂರಕ್ಕಾಗಿ ಕೊಳ್ಳುವವರು ಕೊಳ್ಳಬಹುದು. ಕ್ಯಾಲೊರಿ, ಹೊಟ್ಟೆಯೊಳಗಿನ ‘ಒಳಕೊಬ್ಬು’, ‘ಚಯಾಪಚಯ ವಯಸ್ಸು’ (ದೇಹ ಶಕ್ತಿ ಉರಿಸುವ ರೀತಿ ಎಷ್ಟು ವಯಸ್ಸಿನವರದಂತಿದೆ ಎಂಬುದು) ಎಂದು ಅದು ತೋರಿಸುವ ಅಂಕಿಗಳನ್ನು ನಂಬಿ ಊಟ ತಿಂಡಿ ನಿರ್ಧರಿಸಬೇಡಿ. ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು: ಆ್ಯಪ್ ಹಸಿರು ಬಣ್ಣ ತೋರಿಸಿತೆಂದು ನಮ್ಮ ಜನ ನಿಶ್ಚಿಂತರಾಗಬಾರದು. ಆ ಮಾತಿಗಾಗಿಯೇ ಇಷ್ಟು ಉದ್ದ ಬರೆಯಲು ಕುಳಿತಿದ್ದೇನೆ.

ನಾನು ಮೈಸೂರಿನಲ್ಲಿ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ವಯಸ್ಸು 61, ಎತ್ತರ 154 ಸೆಂಟಿಮೀಟರ್, ತೂಕ 62.4 ಕಿಲೊ. ಮುಂದಿನ ಲೆಕ್ಕಕ್ಕೆ ಈ ಅಂಕಿಗಳು ಬೇಕಾಗುತ್ತವೆ. ನನ್ನ ಜೊತೆಗೆ ನಮ್ಮ ಯಜಮಾನರು, ಹಾಸನದಿಂದ ಬಂದು ನಮ್ಮಲ್ಲಿ ಉಳಿದಿದ್ದ ಅಣ್ಣ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳು, ಎಲ್ಲರೂ ಈ ಯಂತ್ರದ ಮೇಲೆ ನಿಂತವರೇ.

ತೂಕದ ವಿಷಯದಲ್ಲಿ ಯಂತ್ರ ಬಹಳ ಚೆನ್ನಾಗಿದೆ. ಅಂಗಡಿಯಿಂದ ಬಂದ, ಹೊಲಿಗೆ ಬಿಚ್ಚದ 25 ಕಿಲೊ ಅಕ್ಕಿ ಮೂಟೆಯನ್ನು ನಮ್ಮ ಯಜಮಾನರು ಎತ್ತಿಕೊಂಡು ನಿಂತರು. ಮೂಟೆಯ ತೂಕ ಸರಿಯಾಗಿ ಕೂಡಿಕೊಂಡಿತು. ಒಂದು ಕಿಲೊ ಉಪ್ಪಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದರೂ ಅದನ್ನು ಗುರುತಿಸುತ್ತದೆ. ಗಟ್ಟಿ ನೆಲದ ಮೇಲೆ ಇಡಬೇಕು ಅಷ್ಟೇ; ಚಾಪೆಯ ಮೇಲೆ ಇಟ್ಟರೆ ಅಂಕಿ ಓಲಾಡುತ್ತದೆ. ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ನೋಡಿಕೊಂಡರೆ ವಾರದಿಂದ ವಾರಕ್ಕೆ ಹೋಲಿಸಲು ಅರ್ಥವಿರುತ್ತದೆ.

ಹಬ್ಬದ ಮಾರನೆಯ ದಿನ ನಿಂತು ನೋಡಿ ಗಾಬರಿಯಾಗಬೇಡಿ. ನಮ್ಮ ಯಕೃತ್ತು, ಸ್ನಾಯುಗಳಲ್ಲಿ ಪಿಷ್ಟದ ದಾಸ್ತಾನು ಗ್ಲೈಕೊಜೆನ್ ರೂಪದಲ್ಲಿ ಇರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಹೋಳಿಗೆ, ಚಿತ್ರಾನ್ನ, ಉಪ್ಪಿನಕಾಯಿ, ಹಪ್ಪಳ ಉಂಡ ಮರುದಿನ ಒಂದು ಕಿಲೊ ಏರಿದ್ದರೆ ಅದರಲ್ಲಿ ಬಹುಪಾಲು ನೀರು. ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಒಂದು ದಿನದ ಹಬ್ಬದೂಟಕ್ಕೆ ಅಷ್ಟನ್ನು ಹೆಚ್ಚುವರಿಯಾಗಿ ಕೂಡಿಸಲು ಸಾಧ್ಯವಿಲ್ಲ. ಆದರೂ ಆ್ಯಪ್ ಆ ದಿನವೇ ಕೆಂಪು ಬಾಣ ತೋರಿಸಿ ಕೊಬ್ಬು ಹೆಚ್ಚಿದೆ ಎಂದು ಘೋಷಿಸುತ್ತದೆ. ಉಪವಾಸ ಮಾಡಿದ ಮಾರನೆಯ ದಿನ ಕೊಬ್ಬು ಕರಗಿತೆಂದು ಅಭಿನಂದಿಸುತ್ತದೆ. ಎರಡೂ ಸುಳ್ಳು.

ಈಗ ಕೊಬ್ಬಿನ ಶೇಕಡಾವಾರು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಇದೇ, ಜನ ಹಣ ಕೊಡುವುದೂ ಇದಕ್ಕೇ. ಗಾಜಿನ ಮೇಲಿರುವ ಲೋಹದ ಪಟ್ಟಿಗಳು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಸುತ್ತವೆ. ಸ್ನಾಯುವಿನಂಥ ಕೊಬ್ಬಿಲ್ಲದ ಅಂಗಾಂಶದಲ್ಲಿ ನೂರಕ್ಕೆ ಸುಮಾರು 73 ಭಾಗ ನೀರು. ಅದರ ಮೂಲಕ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ಅಡ್ಡಿ ಹೆಚ್ಚು. ಎಷ್ಟು ಅಡ್ಡಿ ಸಿಕ್ಕಿತೆಂಬುದರಿಂದ ದೇಹದ ನೀರು, ನೀರಿನಿಂದ ಮಾಂಸ, ಉಳಿದದ್ದು ಕೊಬ್ಬು ಎಂದು ಲೆಕ್ಕ. ತತ್ತ್ವ ಸಾಚಾ, ಸಂಶೋಧನಾಲಯಗಳಲ್ಲೂ ಬಳಸುತ್ತಾರೆ. ಆದರೆ ಪಾದದಿಂದ ಪಾದಕ್ಕೆ ಹರಿಯುವ ವಿದ್ಯುತ್ತು ಹೆಚ್ಚಾಗಿ ಕಾಲುಗಳಲ್ಲಿ, ಹೊಟ್ಟೆಯ ಕೆಳಭಾಗದಲ್ಲಿ ಹಾದುಹೋಗುತ್ತದೆ. ಎದೆ, ತೋಳು, ಮೇಲು ಹೊಟ್ಟೆಯನ್ನು ಅದು ಕಾಣುವುದೇ ಅತ್ಯಲ್ಪ. ಕಾಣದ ಭಾಗವನ್ನು ನಾವು ಆ್ಯಪ್‌ನಲ್ಲಿ ತುಂಬಿದ ವಯಸ್ಸು, ಎತ್ತರ, ಲಿಂಗದ ಆಧಾರದ ಮೇಲೆ ಊಹಿಸುತ್ತದೆ.

ಎಷ್ಟು ಊಹೆ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿದೆ; ನೀವೂ ಮಾಡಬಹುದು. ಒಂದೇ ಬೆಳಗ್ಗೆ, ಒಂದೇ ಸೀರೆಯಲ್ಲಿ, ನನ್ನ ವಯಸ್ಸು 61 ಎಂದು ಇಟ್ಟಾಗ ಕೊಬ್ಬು ಶೇ 38.6 ಬಂತು. ವಯಸ್ಸನ್ನು 41 ಎಂದು ಬದಲಿಸಿ ಮತ್ತೆ ನಿಂತೆ, 34.2ಕ್ಕೆ ಇಳಿಯಿತು. ವಯಸ್ಸನ್ನು ಮೊದಲಿನಂತೆ ಮಾಡಿ ‘ಪುರುಷ’ ಎಂದು ಒತ್ತಿದೆ, 28.1 ಆಯಿತು. ‘ಕ್ರೀಡಾಪಟು’ ಎಂಬ ಗುಂಡಿ ಒತ್ತಿದರೆ ಇನ್ನೂ ಕೆಳಗೆ. ನನ್ನ ಮೈಯಲ್ಲಿ ಒಂದು ಗ್ರಾಂ ಕೊಬ್ಬೂ ಅತ್ತಿತ್ತ ಹೋಗಿರಲಿಲ್ಲ. ಪಾದ ಒಣಗಿದ್ದರೆ ಒಂದು ಅಂಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನಿಂತರೆ ಇನ್ನೊಂದು. ಅಣ್ಣನಿಗೆ ಹಿಮ್ಮಡಿ ಒಡೆದು ಅಂಗಾಲು ದಪ್ಪಗಾಗಿದೆ. ಮೊದಮೊದಲು ಅವನ ಕೊಬ್ಬನ್ನು ಓದಲಾಗದೆ ಯಂತ್ರ ಬರಿಯ ಗೀಟು ತೋರಿಸಿ ಸುಮ್ಮನಾಗುತ್ತಿತ್ತು. ಹೊಲದಲ್ಲಿ ಬರಿಗಾಲಲ್ಲಿ ನಡೆದವರ ಮನೆಗೆ ಇದನ್ನು ಕೊಳ್ಳುವವರು ಗಮನಿಸಬೇಕು.

ಆದ್ದರಿಂದ ಕೊಬ್ಬಿನ ಶೇಕಡಾವಾರನ್ನು ಪೂರ್ತಿ ತಳ್ಳಿಹಾಕಬೇಕೆಂದೇನೂ ಇಲ್ಲ. ಒಬ್ಬರೇ, ಒಂದೇ ಹೊತ್ತಿನಲ್ಲಿ, ಒಂದೇ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ದಿಕ್ಕು ತಿಳಿಯುತ್ತದೆ. ಅಣ್ಣತಮ್ಮಂದಿರು, ಅತ್ತೆಸೊಸೆಯರು ತಮ್ಮ ತಮ್ಮ ಅಂಕಿಗಳನ್ನು ಹೋಲಿಸಿ ಮನಸ್ಸು ಕೆಡಿಸಿಕೊಳ್ಳುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

‘ಬಿಎಂಆರ್’ ಎಂಬ ಇನ್ನೊಂದು ಅಂಕಿ ಇದೆ. ಏನೂ ಮಾಡದೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ನಡೆಯಲು ದಿನಕ್ಕೆ ಬೇಕಾಗುವ ಶಕ್ತಿ. ನನಗೆ ಅದು 1,121 ಎಂದು ತೋರಿಸಿತು. ಕಾಗದ ತೆಗೆದುಕೊಂಡು 1990ರಲ್ಲಿ ಪ್ರಕಟವಾದ ಮಿಫ್ಲಿನ್ ಮತ್ತು ಸೇಂಟ್ ಜಿಯೋರ್ ಸೂತ್ರ ಹಾಕಿದೆ: ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, ಹೆಂಗಸರಾದರೆ ಇನ್ನೂ 161 ಕಳೆಯಬೇಕು. ಉತ್ತರ 1,120.5. ಅಂದರೆ ಆ ಅಂಕಿಯಲ್ಲಿ ಯಂತ್ರ ನನ್ನಿಂದ ಅಳೆದದ್ದು ತೂಕವೊಂದನ್ನೇ. ಉಳಿದದ್ದೆಲ್ಲ ನಾನೇ ತುಂಬಿಕೊಟ್ಟದ್ದು. ವಯಸ್ಸು 41 ಎಂದು ಬದಲಿಸಿದ ಕೂಡಲೇ ಅದು 1,221 ಆಯಿತು. ವರ್ಷಕ್ಕೆ ಐದರಂತೆ ಇಪ್ಪತ್ತು ವರ್ಷಕ್ಕೆ ನೂರು.

ಇಂಥ ಸೂತ್ರಗಳಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ತಮ್ಮದನ್ನು ರೂಪಿಸಿದರು. ಆದರೆ ಯಾರ ದೇಹಗಳನ್ನು ಅಳೆದು ಸೂತ್ರ ಕಟ್ಟಿದರೋ ಅವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದವರು ದಶಕಗಳ ಹಿಂದೆಯೇ ಭಾರತೀಯರನ್ನು ಮಲಗಿಸಿ, ಅವರ ಉಸಿರನ್ನು ಅಳೆದು ನೋಡಿದರು. ವಿಶ್ವಸಂಸ್ಥೆಯ ಸಂಘಟನೆಗಳು ಬಳಸುತ್ತಿದ್ದ ಸೂತ್ರಗಳು ನಮ್ಮವರ ಶಕ್ತಿಯ ಖರ್ಚನ್ನು ಇರುವುದಕ್ಕಿಂತ ಹೆಚ್ಚಾಗಿ ಹೇಳುತ್ತಿದ್ದವು. ಆದ್ದರಿಂದ 1993ರಲ್ಲಿ ಭಾರತೀಯ ಗಂಡಸರು, ಹೆಂಗಸರಿಗೆಂದೇ ಬೇರೆ ಸೂತ್ರಗಳನ್ನು ಪ್ರಕಟಿಸಿದರು. ನಮ್ಮ ರಾಜಧಾನಿಯಲ್ಲೇ ಇಂಥ ಕೆಲಸ ನಡೆದಿರುವಾಗ, ನಮಗೆ ಮಾರುವ ಆ್ಯಪ್ ಹೊರಗಿನ ಸೂತ್ರವನ್ನೇ ಹಾಕಿ ಕೊಡುತ್ತದೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸರಿಯಾಗಿ ಅಳೆಯುವುದು ಹೇಗೆ ಎಂದು ಕೇಳಿದರೆ, ಉಸಿರನ್ನು ಅಳೆಯಬೇಕು. ತಲೆಯ ಮೇಲೆ ಪಾರದರ್ಶಕ ಗುಮ್ಮಟ ಇಟ್ಟು, ಒಳಗೆ ಹೋದ ಆಮ್ಲಜನಕ ಎಷ್ಟು, ಹೊರಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ನೋಡಿ ಶಕ್ತಿಯ ಲೆಕ್ಕ ಹಾಕುತ್ತಾರೆ. ಅದಕ್ಕೆ ಬೇಕಾದ ಸಮೀಕರಣವನ್ನು ವೀರ್ ಎಂಬವರು 1949ರಲ್ಲೇ ಕೊಟ್ಟರು. ಆದರೆ ಗುಮ್ಮಟದೊಳಗೆ ಮಲಗಿದವರು ಬದುಕು ನಡೆಸುತ್ತಿರುವುದಿಲ್ಲ. ನಡೆದಾಡುವ, ದುಡಿಯುವ, ನಿದ್ರಿಸುವ ಮನುಷ್ಯನ ಒಟ್ಟು ಖರ್ಚು ತಿಳಿಯಲು ಇನ್ನೊಂದು ವಿಧಾನವಿದೆ. ತರಗತಿಯಲ್ಲಿ ಅದನ್ನು ಹೇಳುವಾಗ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತಿತ್ತು. ಭಾರವಾದ ಹೈಡ್ರೊಜನ್ ಮತ್ತು ಭಾರವಾದ ಆಮ್ಲಜನಕ ಇರುವ ನೀರನ್ನು ಕುಡಿಸುತ್ತಾರೆ. ಹೈಡ್ರೊಜನ್ ಮೂತ್ರ, ಬೆವರು, ಉಸಿರಿನ ತೇವದಲ್ಲಿ ನೀರಾಗಿ ಮಾತ್ರ ಹೊರಬೀಳುತ್ತದೆ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರದ ಮಾದರಿ ತೆಗೆದು, ಎರಡೂ ಕಡಿಮೆಯಾಗುವ ವೇಗದಲ್ಲಿರುವ ವ್ಯತ್ಯಾಸ ನೋಡಿದರೆ ಆ ಮನುಷ್ಯ ಎಷ್ಟು ಡೈಆಕ್ಸೈಡ್ ಬಿಟ್ಟ, ಅಂದರೆ ಎಷ್ಟು ಶಕ್ತಿ ಉರಿಸಿದ ಎಂದು ಗೊತ್ತಾಗುತ್ತದೆ. ಮಿನೆಸೊಟದ ನೇಥನ್ ಲಿಫ್ಸನ್ 1950ರ ದಶಕದಲ್ಲಿ ಪ್ರಾಣಿಗಳಲ್ಲಿ ಇದನ್ನು ಕಂಡುಕೊಂಡರು. ಡೇಲ್ ಶೋಲರ್ 1982ರಲ್ಲಿ ಮನುಷ್ಯರಿಗೆ ತಂದರು.

ಈ ನೀರಿನ ವಿಧಾನದಿಂದ ಬಂದ ಒಂದು ಫಲಿತಾಂಶ ‘ಚಯಾಪಚಯ ವಯಸ್ಸು’ ಎಂಬ ಅಂಕಿಯನ್ನು ಬುಡಸಹಿತ ಕಿತ್ತುಹಾಕುತ್ತದೆ. ನನಗೆ ಯಂತ್ರ 68 ಎಂದು ಹೇಳಿತು, ಅಣ್ಣನ ಮಗಳಿಗೆ ಮೂವತ್ತರಲ್ಲೇ 41. ಪಾಪ, ಅವಳು ಅದನ್ನು ನೋಡಿ ಊಟ ಬಿಟ್ಟು ಎದ್ದಳು. 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಬಹು ದೇಶಗಳ ವಿಜ್ಞಾನಿಗಳು ಎಂಟು ದಿನದ ಶಿಶುವಿನಿಂದ 95 ವರ್ಷದವರವರೆಗೆ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದೇಹದ ಗಾತ್ರ ಮತ್ತು ಮಾಂಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಶಕ್ತಿಯ ಖರ್ಚು ಒಂದು ವರ್ಷದ ಮಗುವಿನಲ್ಲಿ ಅತಿ ಹೆಚ್ಚು. ಇಪ್ಪತ್ತರಿಂದ ಅರವತ್ತರವರೆಗೆ ಹೆಚ್ಚುಕಡಿಮೆ ಬದಲಾವಣೆಯೇ ಇಲ್ಲ. ಅರವತ್ತರ ನಂತರ ವರ್ಷಕ್ಕೆ ಶೇ 0.7ರಷ್ಟು ಇಳಿಯುತ್ತದೆ. ಮೂವತ್ತಕ್ಕೂ ನಲವತ್ತೊಂದಕ್ಕೂ ಅಂತರವೇ ಇಲ್ಲದ ಮೇಲೆ ಆ ಹುಡುಗಿಗೆ ನಲವತ್ತೊಂದರ ಚಯಾಪಚಯ ಎನ್ನುವುದಕ್ಕೆ ಅರ್ಥವೇನು? ಯಾವ ಪ್ರಯೋಗಾಲಯವೂ ಅಳೆಯದ ಅಂಕಿ ಅದು. ಕಂಪನಿಯವರು ಇದನ್ನು ಕೂಡಲೇ ತೆಗೆದುಹಾಕಬೇಕು.

ಬ್ಯಾಂಡಿಗೆ ಬರುತ್ತೇನೆ. ಹಗುರವಾಗಿದೆ, ಬೆವರಿಗೆ ತುರಿಕೆಯಿಲ್ಲ, ಚಾರ್ಜು ಒಂದು ವಾರಕ್ಕೂ ಮೀರಿ ಬರುತ್ತದೆ. ಹೃದಯ ಬಡಿತವನ್ನು ಚರ್ಮದ ಕೆಳಗಿನ ರಕ್ತದ ಮೇಲೆ ಹಸಿರು ಬೆಳಕು ಬೀರಿ ಓದುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಗಡಿಯಾರ ನೋಡಿ ಎಣಿಸಿದಾಗ ಹೊಂದಿಕೆಯಾಯಿತು. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವಾಗ ಹೆಜ್ಜೆಯ ಲೆಕ್ಕವೂ ಸರಿ. ಅಡುಗೆಮನೆಯಲ್ಲಿ ಮಾತ್ರ ಅದು ದಾರಿ ತಪ್ಪುತ್ತದೆ. ಚಪಾತಿ ಲಟ್ಟಿಸಿದರೆ ಹೆಜ್ಜೆ ಏರುತ್ತದೆ. ದೇವರ ಮುಂದೆ ಗಂಟೆ ಬಾರಿಸಿದರೂ ಏರುತ್ತದೆ. ಮುದ್ದೆ ಕೋಲಿನಿಂದ ದೊಡ್ಡ ಪಾತ್ರೆಯಲ್ಲಿ ರಾಗಿ ಹಿಟ್ಟು ತಿರುವಿ ಬೆವರು ಇಳಿಸಿದರೆ, ಬಡಿತ ಏರಿದ್ದು ಕಾಣುತ್ತದೆ, ಆದರೆ ‘ವ್ಯಾಯಾಮ’ ಎಂಬ ಪಟ್ಟಿಯಲ್ಲಿ ಸೊನ್ನೆ. ಬಟ್ಟೆ ಒಗೆಯುವುದು, ಬಿಂದಿಗೆ ಹೊರುವುದು, ನೆಲ ಒರೆಸುವುದು, ಯಾವುದಕ್ಕೂ ಅಲ್ಲಿ ಹೆಸರಿಲ್ಲ. ಓಟ, ಸೈಕಲ್, ಈಜು, ಗಾಲ್ಫ್ ಇವೆ.

ಇದು ಸಣ್ಣ ದೂರೆಂದು ಎಣಿಸಬೇಡಿ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 16 ಜನರಿಗೆ ಎಂಟು ವಾರ ದಿನವೂ ಅಗತ್ಯಕ್ಕಿಂತ 1,000 ಕ್ಯಾಲೊರಿ ಹೆಚ್ಚು ಉಣಿಸಿದರು. ಎಲ್ಲರಿಗೂ ಹೆಚ್ಚುವರಿ ಊಟ ಅಷ್ಟೇ. ಆದರೆ ಒಬ್ಬರಿಗೆ ಅರ್ಧ ಕಿಲೊಗಿಂತ ಕಡಿಮೆ ಕೊಬ್ಬು ಸೇರಿತು, ಇನ್ನೊಬ್ಬರಿಗೆ ನಾಲ್ಕು ಕಿಲೊಗೂ ಮೀರಿ. ವ್ಯತ್ಯಾಸ ಎಲ್ಲಿತ್ತೆಂದು ಹುಡುಕಿದಾಗ ಸಿಕ್ಕಿದ್ದು ವ್ಯಾಯಾಮವಲ್ಲದ ಚಲನೆ: ಏಳುವುದು, ಕೂರುವುದು, ಓಡಾಡುವುದು, ಕೈಕಾಲು ಆಡಿಸುವುದು. ಅತಿ ಹೆಚ್ಚು ಏರಿದ್ದವರಲ್ಲಿ ಅದು ದಿನಕ್ಕೆ ಸುಮಾರು 700 ಕ್ಯಾಲೊರಿ ಮುಟ್ಟಿತ್ತು. ಬೊಜ್ಜಿನ ಸಂಶೋಧನೆಯಲ್ಲಿ ಇಷ್ಟು ತೂಕವಿರುವ ಚಲನೆಯನ್ನು, ನಮ್ಮ ಹೆಂಗಸರು ದಿನವಿಡೀ ಮಾಡುವ ಕೆಲಸವನ್ನು, ಬ್ಯಾಂಡ್ ಕೆಲಸವೆಂದೇ ಪರಿಗಣಿಸುವುದಿಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಒಂದು ದಿನ ಕಟ್ಟಿ ನೋಡಿದೆ. ನಾಲ್ಕು ಮನೆ ಮುಗಿಸಿ ಬಂದ ಆಕೆಗೆ ಸಂಜೆ ಬಂದ ಸಂದೇಶ: ಇಂದು ನೀವು ವ್ಯಾಯಾಮ ಮಾಡಿಲ್ಲ. ನನಗೆ ಅದನ್ನು ಆಕೆಗೆ ಓದಿ ಹೇಳಲು ಮನಸ್ಸಾಗಲಿಲ್ಲ.

ಇನ್ನು ಕ್ಯಾಲೊರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಬ್ಯಾಂಡ್‌ಗಳನ್ನು 60 ಜನರಿಗೆ ಕಟ್ಟಿ, ಉಸಿರಿನ ಅಳತೆಯ ಜೊತೆ ಹೋಲಿಸಿದರು. ಹೃದಯ ಬಡಿತದಲ್ಲಿ ಏಳರಲ್ಲಿ ಆರರ ತಪ್ಪು ಶೇ 5ರೊಳಗೆ. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದರ ತಪ್ಪೇ ಶೇ 27, ಕೆಟ್ಟದ್ದರ ತಪ್ಪು 93. ನನ್ನ ಅನುಭವವೂ ಇದೇ ದಾರಿಯದು. ಸಮತಟ್ಟಾದ ನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ, ಸುಮ್ಮನೆ ಕುಳಿತಿದ್ದಕ್ಕಿಂತ ಹೆಚ್ಚಾಗುವ ಖರ್ಚು ನಮ್ಮ ಪ್ರತಿ ಕಿಲೊ ತೂಕಕ್ಕೆ ಅಂದಾಜು ಅರ್ಧ ಕ್ಯಾಲೊರಿ. ನಾನು ನಾಲ್ಕು ಕಿಲೋಮೀಟರ್ ನಡೆದರೆ 125ರ ಆಸುಪಾಸು. ಬ್ಯಾಂಡ್ ತೋರಿಸಿದ್ದು 290. ಅದರಲ್ಲಿ, ನಡೆಯದೆ ಕುಳಿತಿದ್ದರೂ ಆ ಹೊತ್ತಿನಲ್ಲಿ ಖರ್ಚಾಗುತ್ತಿದ್ದುದನ್ನೂ ಸೇರಿಸಿದೆ. ಅದನ್ನು ಬಿಟ್ಟರೂ ಅತಿ ಹೆಚ್ಚು.

ಅಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಆ್ಯಪ್ ಆ 290ನ್ನು ದಿನದ ಊಟದ ಲೆಕ್ಕಕ್ಕೆ ಜಮಾ ಮಾಡಿ, ಇನ್ನೂ ಇಷ್ಟು ತಿನ್ನಬಹುದು ಎಂದು ತಟ್ಟೆಯ ಚಿತ್ರ ತೋರಿಸುತ್ತದೆ. ಕೆರೆ ಸುತ್ತಿ ಬಂದವರು ಅದನ್ನು ನಂಬಿ ಮಸಾಲೆ ದೋಸೆಗೆ ಕುಳಿತರೆ ನಡೆದದ್ದಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ಇದರ ಮೇಲೆ ದೇಹದ ಸ್ವಂತ ಲೆಕ್ಕವೂ ಇದೆ. 1,754 ವಯಸ್ಕರ ಅಳತೆಗಳನ್ನು ಪರಿಶೀಲಿಸಿ 2021ರಲ್ಲಿ ಬಂದ ಸಂಶೋಧನೆಯ ಪ್ರಕಾರ, ಚಟುವಟಿಕೆಯಲ್ಲಿ ಉರಿಸಿದ ಹೆಚ್ಚುವರಿ ಶಕ್ತಿಯಲ್ಲಿ ಸರಾಸರಿ ಶೇ 28ರಷ್ಟನ್ನು ದೇಹ ಬೇರೆ ಖರ್ಚುಗಳನ್ನು ಕಡಿತ ಮಾಡಿ ಸರಿದೂಗಿಸಿಕೊಳ್ಳುತ್ತದೆ. ಹೆಚ್ಚು ಕೊಬ್ಬಿರುವವರಲ್ಲಿ ಈ ಕಡಿತ ಇನ್ನೂ ಹೆಚ್ಚು. ನಡಿಗೆಯಿಂದ ತೂಕ ಇಳಿಯಲಿಲ್ಲವೆಂದು ಸೋಮಾರಿ ಎನ್ನಿಸಿಕೊಂಡವರು ಇದನ್ನು ತಿಳಿದಿರಬೇಕು.

ಹಾಗಾದರೆ ನಡೆಯುವುದೇಕೆ? ತೂಕ ಇಳಿಯಲಿ ಬಿಡಲಿ, ಹೃದಯಕ್ಕೆ, ರಕ್ತದ ಸಕ್ಕರೆಗೆ ನಡಿಗೆಯ ಲಾಭ ದೊಡ್ಡದು. ಲಂಡನ್ನಿನ ಎರಡಂತಸ್ತಿನ ಬಸ್‌ಗಳ ಸಿಬ್ಬಂದಿಯ ಮೇಲೆ ಜೆರ‍್ರಿ ಮಾರಿಸ್ ಮಾಡಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಿಗೆ ಹೃದಯಾಘಾತ ಹೆಚ್ಚಾಗಿತ್ತು, ಮಾರಕವೂ ಆಗಿತ್ತು. ಬಳಿಕ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯನ್ನು ಹುಡುಕಿ ತೆಗೆದಾಗ ಚಾಲಕರು ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪಗಿದ್ದರೆಂದೂ ತಿಳಿಯಿತು. ತಮಗೆ ಅನುಕೂಲವಲ್ಲದ ಅದನ್ನೂ ಮಾರಿಸ್ ಪ್ರಕಟಿಸಿದರು. ನಮ್ಮ ದೇಶದಲ್ಲೇ, ಪಶ್ಚಿಮ ಬಂಗಾಳದ ಚೆಂಗೈಲ್‌ನ ಸೆಣಬಿನ ಗಿರಣಿಯಲ್ಲಿ ಜಾನ್ ಮೇಯರ್ ಮತ್ತು ಸಂಗಡಿಗರು 213 ಕೆಲಸಗಾರರ ಊಟ, ತೂಕ ನೋಡಿ 1956ರಲ್ಲಿ ಬರೆದರು. ಕುಳಿತೇ ಇರುವ ಅಂಗಡಿಯವರು ಮತ್ತು ಮೇಲ್ವಿಚಾರಕರು, ಹಗುರ ಕೆಲಸ ಮಾಡುವವರಿಗಿಂತ ಹೆಚ್ಚು ಉಣ್ಣುತ್ತಿದ್ದರು. ತೀರ ಕುಳಿತುಬಿಟ್ಟರೆ ಹಸಿವು ತನ್ನ ಅಳತೆ ಕಳೆದುಕೊಳ್ಳುತ್ತದೆ. ಬ್ಯಾಂಡ್ ಗಂಟೆಗೊಮ್ಮೆ ನಡುಗಿ ಏಳಲು ಹೇಳುತ್ತದಲ್ಲ, ನನಗೆ ಅದರಲ್ಲಿ ಅತ್ಯಂತ ಇಷ್ಟವಾದದ್ದು ಅದೇ.

ಹತ್ತು ಸಾವಿರ ಹೆಜ್ಜೆಯ ಗುರಿ ನಿಮ್ಮ ಮಂಡಿಗೆ ಹೊರೆಯಾದರೆ ಆ್ಯಪ್‌ನಲ್ಲಿ ಇಳಿಸಿಕೊಳ್ಳಿ. ಅದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಮಾರಾಟಕ್ಕೆಂದು ಇಟ್ಟ ಹೆಸರು. 2019ರ ಅಮೆರಿಕದ ಅಧ್ಯಯನದಲ್ಲಿ, ಸರಾಸರಿ 72 ವಯಸ್ಸಿನ ಹೆಂಗಸರಿಗೆ ದಿನಕ್ಕೆ 4,400 ಹೆಜ್ಜೆಯಲ್ಲೇ ಆಯುಸ್ಸಿನ ಲಾಭ ಕಂಡಿತು. 7,500ರ ಆಚೆ ಹೆಚ್ಚೇನೂ ಸೇರಲಿಲ್ಲ.

ನನ್ನ ಮುಖ್ಯ ಆಕ್ಷೇಪ ಅಣ್ಣನ ಅಂಕಿಗಳಿಂದ ಬಂದದ್ದು. ಅವನು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ವಯಸ್ಸು 67, ಎತ್ತರ 168, ತೂಕ 64. ಬಿಎಂಐ, ಅಂದರೆ ಕಿಲೊ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ, 22.7. ಕಾಲುಕೈ ಸಣ್ಣ, ಮುಖ ಸಣ್ಣ, ಅಂಗಿಯ ಕೆಳಗೆ ಹೊಟ್ಟೆ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಬಂದಿದೆ. ಯಂತ್ರ ಅವನಿಗೆ ಹಸಿರು ವೃತ್ತ ಹಾಕಿ, ‘ಆದರ್ಶ ದೇಹ’ ಎಂದು ಚಪ್ಪಾಳೆಯ ಚಿತ್ರ ತೋರಿಸಿತು. ಅವನ ಮುಖ ಅರಳಿತು. ರಾತ್ರಿಯ ಮಾತ್ರೆ ಇನ್ನು ಬೇಕೇ ಎಂದು ನನ್ನನ್ನು ಕೇಳಿದ. ದರ್ಜಿಯ ಟೇಪು ತಂದು ಹೊಟ್ಟೆ ಅಳೆದೆ. 94 ಸೆಂಟಿಮೀಟರ್. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಎಂಬುದು ಮಿತಿ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಜೊತೆಯಲ್ಲಿ ನಿಂತ ಒಂದು ಚಿತ್ರ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರದೂ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ 21.2. ಒಂದೇ ಬಿಎಂಐ, ಎರಡರಷ್ಟಕ್ಕೂ ಮೀರಿದ ಕೊಬ್ಬು. ಇದರ ಬೇರು ಗರ್ಭದಲ್ಲೇ ಇದೆಯೆಂದು ತೋರಿಸಿದ ಕೆಲಸದಲ್ಲಿ ನನ್ನ ಊರಿನ ಪಾಲು ದೊಡ್ಡದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಹಿರಿಯರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಆ ದಾಖಲೆ ಹಿಡಿದು ದೊಡ್ಡವರಾದ ಆ ಮಕ್ಕಳನ್ನು ಹುಡುಕಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. 1996ರಲ್ಲಿ ಅದು ಪ್ರಕಟವಾಯಿತು. 1997ರ ಸುಮಾರಿಗೆ ಅಲ್ಲೇ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಇನ್ನೊಂದು ಅಧ್ಯಯನದಲ್ಲಿ, ನಮ್ಮ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಹಿಂದೆ ಬಿದ್ದಿರಲಿಲ್ಲ. ತೆಳ್ಳಗೆ ಕಾಣುವ ಮೈಯಲ್ಲಿ ನಡುಭಾಗದ ಕೊಬ್ಬು ನಮಗೆ ಹುಟ್ಟಿನಿಂದಲೇ ಬರುತ್ತದೆ.

ಅದಕ್ಕಾಗಿಯೇ ನಮ್ಮ ವೈದ್ಯರು 2009ರಲ್ಲಿ ಒಮ್ಮತದಿಂದ ಭಾರತೀಯರಿಗೆ ಬಿಎಂಐ 23ಕ್ಕೆ ಹೆಚ್ಚು ತೂಕ, 25ಕ್ಕೆ ಬೊಜ್ಜು ಎಂದು ಗೆರೆ ಎಳೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂದಾಗ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ 28.6, ಹೊಟ್ಟೆಯ ಸುತ್ತಳತೆಯ ಪ್ರಕಾರ 39.5. ಈ ಅಂತರದಲ್ಲಿರುವವರು ನನ್ನ ಅಣ್ಣನಂಥವರು. ಆ್ಯಪ್ ಮಾತ್ರ 24.9ರವರೆಗೂ ಹಸಿರು ಬಳಿಯುತ್ತದೆ, ಸುತ್ತಳತೆ ಕೇಳುವುದೇ ಇಲ್ಲ. ‘ಒಳಕೊಬ್ಬು’ ಎಂದು ಬೇರೆ ಅಂಕಿ ಕೊಡುತ್ತದೆ, ಅಣ್ಣನಿಗೆ ಅದೂ ಹಸಿರೇ. ಹೊಟ್ಟೆಯೊಳಗಿನ ಕೊಬ್ಬನ್ನು ನೋಡಲು ಸ್ಕ್ಯಾನ್ ಬೇಕು. ಪಾದದ ಮೂಲಕ ಹೋದ ವಿದ್ಯುತ್ತಿಗೆ ಅದು ನಿಲುಕುವಂಥದ್ದಲ್ಲ.

ಅಣ್ಣನ ಮಗಳ ಸಂಗತಿ ಇದಕ್ಕೆ ವಿರುದ್ಧ. ಅವಳಿಗೆ ಆ್ಯಪ್ ‘ವೇಗದ ಇಳಿಕೆ’ ಎಂಬ ಯೋಜನೆ ಕೊಟ್ಟು ಬಿಎಂಆರ್‌ಗಿಂತಲೂ ಕಡಿಮೆ ಊಟ ಹೇಳಿತು. ಮೊದಲು ತೂಕ ಇಳಿದು ಆಮೇಲೆ ನಿಂತುಬಿಟ್ಟಿತು. ಆಗ ಆ್ಯಪ್ ಹೇಳಿದ್ದು, ನಿಮ್ಮ ಶ್ರಮ ಸಾಲದು ಎಂದು. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷಗಳ ಮೇಲೆ ಕೆವಿನ್ ಹಾಲ್ ತಂಡ ಮತ್ತೆ ಅಳೆದು 2016ರಲ್ಲಿ ಬರೆದಿದೆ: ಕಳೆದುಕೊಂಡ ತೂಕದ ಬಹುಪಾಲು ಮರಳಿತ್ತು, ಆದರೆ ವಿಶ್ರಾಂತಿಯ ಖರ್ಚು ಆ ಗಾತ್ರದವರಿಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ಅದು ಅತಿರೇಕದ ಉದಾಹರಣೆ. ನಿಧಾನವಾಗಿ ಇಳಿಸಿದವರಲ್ಲಿ ಇಷ್ಟು ಆಗುವುದಿಲ್ಲ. ಆದರೂ ದೇಹ ಹಸಿವಿಗೆ ಪ್ರತಿಯಾಗಿ ತನ್ನ ಒಲೆ ತಗ್ಗಿಸುತ್ತದೆಂಬುದು ಅವಳ ತಪ್ಪಲ್ಲ. ಯೋಜನೆಯನ್ನು ಅಳಿಸಿಹಾಕಲು ನಾನೇ ಹೇಳಿದೆ. ಈಗ ಕಚೇರಿಯಿಂದ ಎರಡು ನಿಲ್ದಾಣ ಮೊದಲೇ ಇಳಿದು ನಡೆಯುತ್ತಾಳೆ, ಹೊಟ್ಟೆ ತುಂಬ ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಾಳೆ.

ಉಳಿದ ಕುಂದುಗಳನ್ನು ಬೇಗ ಹೇಳುತ್ತೇನೆ. ಆ್ಯಪ್‌ನಲ್ಲಿ ಕನ್ನಡವಿಲ್ಲ. ಊಟದ ಪಟ್ಟಿಯಲ್ಲಿ ಇಡ್ಲಿ, ದೋಸೆ ಇವೆ. ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಬಸ್ಸಾರು ಇಲ್ಲ. ತೂಕ ತೋರಿಸಲು ಅದಕ್ಕೆ ನಮ್ಮ ಮೊಬೈಲಿನ ಸಂಪರ್ಕ ಸಂಖ್ಯೆಗಳೇಕೆ ಬೇಕೋ ತಿಳಿಯದು. ನಿರಾಕರಿಸಿದರೂ ಕೆಲಸ ನಡೆಯುತ್ತದೆ, ನಿರಾಕರಿಸಿ. ಪ್ರೋಟೀನ್ ಪುಡಿಯ ಜಾಹೀರಾತು ಪದೇಪದೇ ಬರುತ್ತದೆ. ಗ್ರಾಹಕ ಸೇವೆಗೆ ಹಸಿರು ಗೆರೆಯನ್ನು 23ಕ್ಕೆ ಇಳಿಸಿ, ಸುತ್ತಳತೆಗೆ ಒಂದು ಜಾಗ ಕೊಡಿ ಎಂದು ವಿವರವಾಗಿ ಬರೆದೆ. ಸಲಹೆ ತಲುಪಿದೆ ಎಂಬ ಉತ್ತರ ಬಂದಿದೆ.

ಐದರಲ್ಲಿ ಯಂತ್ರಕ್ಕೆ ಮೂರು, ಬ್ಯಾಂಡಿಗೆ ಮೂರೂವರೆ, ಆ್ಯಪ್‌ಗೆ ಒಂದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವಿದ್ಯುತ್ ಹರಿಸುವ ಈ ಯಂತ್ರದ ಮೇಲೆ ನಿಲ್ಲಬಾರದು. ಗರ್ಭಿಣಿಯರೂ ಬೇಡ, ಅವರಿಗೆ ಅದು ಹೇಳುವ ಕೊಬ್ಬಿನ ಅಂಕಿ ಹೇಗೂ ತಪ್ಪು. ಹಣ ಕಡಿಮೆ ಇದ್ದರೆ ವಿದ್ಯುತ್ ಹರಿಸದ ಸಾಮಾನ್ಯ ತೂಕದ ಯಂತ್ರ ಸಾಕು. ಅದರ ಜೊತೆ ದರ್ಜಿ ಸಾಮಾನಿನ ಅಂಗಡಿಯಲ್ಲಿ ಒಂದು ಟೇಪು ತನ್ನಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಬಟ್ಟೆ ಸರಿಸಿ, ಹೊಟ್ಟೆ ಒಳಗೆಳೆಯದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳೆಯಬೇಕು. ಟೇಪು ಬೆನ್ನ ಹಿಂದೆ ಜಾರದಂತೆ ಇನ್ನೊಬ್ಬರು ನೋಡಿಕೊಳ್ಳಲಿ. ಗಂಡಸರಿಗೆ 90, ಹೆಂಗಸರಿಗೆ 80 ದಾಟಿದ್ದರೆ, ಆ್ಯಪ್ ಯಾವ ಬಣ್ಣ ತೋರಿಸಿದ್ದರೂ ಸರಿ, ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ.